ಪಿಯುಸಿ ಮುಗಿದ ಮೇಲೆ, ಎಂಜಿನಿಯರಿಂಗ್ ಶುರುವಾಗುವ ಮೊದಲು: ಬೇಸಿಗೆ ಕೋರ್ಸ್ ಸೇರಬೇಕೇ, ಬೇಡವೇ?

ದ್ವಿತೀಯ ಪಿಯುಸಿಯ ಮುಖ್ಯ ಪರೀಕ್ಷೆ ಮಾರ್ಚ್‌ನಲ್ಲಿ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ, ಮೇ ತಿಂಗಳಲ್ಲಿ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ. ಕಾಲೇಜಿನ ಮೊದಲ ಕ್ಲಾಸ್ ನಡೆಯುವುದು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ, ಕೆಲವು ವರ್ಷ ಇನ್ನೂ ತಡ. ಈ ನಡುವಿನ ತಿಂಗಳುಗಳಲ್ಲಿ ಮನೆಗೆ ಫೋನ್ ಬರಲು ಶುರುವಾಗುತ್ತದೆ. ‘ಎಂಜಿನಿಯರಿಂಗ್ ಫೌಂಡೇಶನ್’, ‘45 ದಿನಗಳಲ್ಲಿ ಪೈಥಾನ್ ಮತ್ತು ಎಐ’, ‘ಫಸ್ಟ್ ಇಯರ್ ಮ್ಯಾಥ್ಸ್ ಬ್ರಿಜ್ ಕೋರ್ಸ್’. ಪಕ್ಕದ ಮನೆಯ ಹುಡುಗ ಆಗಲೇ ಸೇರಿದ್ದಾನಂತೆ ಅನ್ನುವ ಸುದ್ದಿ ಬಂದರೆ ಅಪ್ಪ ಅಮ್ಮನಿಗೆ ನಿದ್ದೆ ಬರುವುದಿಲ್ಲ.

ನಾನು ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಇಂಥ ಕೋರ್ಸ್ ಮಾಡಿ ಬಂದವರನ್ನೂ ನೋಡಿದ್ದೇನೆ, ಬೇಸಿಗೆಯೆಲ್ಲ ತೋಟದಲ್ಲಿ, ಅಂಗಡಿಯಲ್ಲಿ ಕಳೆದು ಬಂದವರನ್ನೂ ನೋಡಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ನಿಮ್ಮಲ್ಲಿ ಯಾವ ಕೊರತೆ ಇದೆ, ಆ ಕೋರ್ಸ್ ಅದನ್ನು ಹೇಗೆ ತುಂಬುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಸೇರಿ. ಹೇಳಲು ಬರದಿದ್ದರೆ ಇನ್ನೂ ದುಡ್ಡು ಕಟ್ಟಬೇಡಿ. ಆ ವಾಕ್ಯ ಹುಡುಕುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಕೆಳಗೆ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಸೀಟಿನ ಕೆಲಸ

ಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಇನ್ನರ್ಧ ಸಿಇಟಿ ಅಂಕ. ಬೇಸಿಗೆ ಕೋರ್ಸಿನ ಸರ್ಟಿಫಿಕೇಟ್‌ಗೆ ಇದರಲ್ಲಿ ಜಾಗವೇ ಇಲ್ಲ. ಹಾಗಾಗಿ ಅಂಕ ಹೆಚ್ಚಿಸಿಕೊಳ್ಳಲು ಪಿಯುಸಿಯ ಎರಡನೇ ಪರೀಕ್ಷೆ ಬರೆಯುವವರು, ಕಾಮೆಡ್‌ಕೆ ಅಥವಾ ಜೆಇಇ ಬಾಕಿ ಇರುವವರು ಆ ಪರೀಕ್ಷೆಗಳು ಮುಗಿಯುವ ತನಕ ಈ ವಿಷಯ ಬದಿಗಿಡಿ.

ಕಾಗದಪತ್ರದ ಕೆಲಸವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15ರಷ್ಟು ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುಸಹಿ ಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಹಾಕಿರುತ್ತದೆ, ಅಲ್ವಾ? ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಾಡಬೇಕು. ಕಲ್ಯಾಣ ಕರ್ನಾಟಕದವರಿಗೆ ಅವರ ಪ್ರದೇಶದ ಮೀಸಲಾತಿಗೆ 371ಜೆ ಪ್ರಮಾಣಪತ್ರ ಬೇರೆ. ಈ ಒಂದು ಕಾಗದದಿಂದ ಕಾಲೇಜೇ ಬದಲಾಗಬಹುದು. ಯಾವ ಬೇಸಿಗೆ ಕೋರ್ಸಿಗೂ ಅಷ್ಟು ಶಕ್ತಿ ಇಲ್ಲ. ಮಗ ಬೆಂಗಳೂರಿನ ಪಿಜಿಯಲ್ಲಿ ಕೂತು ಕೋಡಿಂಗ್ ಕಲಿಯುತ್ತಿದ್ದಾಗ ಊರಿನಲ್ಲಿ ಅಪ್ಪ ಒಬ್ಬರೇ ಈ ಕಾಗದಕ್ಕೆ ಅಲೆಯುವ ಹಾಗೆ ಆಗಬಾರದು.

ಇನ್ನೊಂದು ವಿಷಯ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮಾಡುವ ಸೀಟು ಹಂಚಿಕೆ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಸಿವಿಲ್ ಸಿಕ್ಕವರಿಗೆ ಮುಂದಿನ ಸುತ್ತಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಗಬಹುದು. ಹಾಗಾಗಿ ಸೀಟು ಖಾತ್ರಿಯಾಗುವ ಮೊದಲು ಒಂದೇ ಬ್ರಾಂಚ್‌ಗೆ ಸೇರಿದ ಕೋರ್ಸ್‌ಗೆ ದುಡ್ಡು ಕಟ್ಟುವುದು ಬೇಡ. ಗಣಿತ ಮತ್ತು ಸ್ವಲ್ಪ ಪ್ರೋಗ್ರಾಮಿಂಗ್ ಮಾತ್ರ ಎಲ್ಲರಿಗೂ ಬೇಕಾಗುವಂಥವು.

ಹೆಜ್ಜೆ 2: ಕೊರತೆ ಎಲ್ಲಿದೆ ಅಂತ ಮನೆಯಲ್ಲೇ ನೋಡಿ

ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಪೆನ್ಸಿಲ್, ಎರಡು ಮೂರು ದಿನ. ಉಳಿದೆಲ್ಲ ಹೆಜ್ಜೆಗಳಿಗಿಂತ ಇದಕ್ಕೆ ಜಾಸ್ತಿ ಗಮನ ಕೊಡಿ.

ಗಣಿತದಿಂದ ಶುರು ಮಾಡಿ. ಎರಡನೇ ಪಿಯು ಪುಸ್ತಕದಿಂದ ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಅಧ್ಯಾಯಗಳ ತಲಾ ಐದು ಲೆಕ್ಕ ಆರಿಸಿಕೊಳ್ಳಿ. ಆಯ್ಕೆಗಳಿಲ್ಲದೆ, ಶಾರ್ಟ್‌ಕಟ್ ಇಲ್ಲದೆ, ಪ್ರತಿ ಹೆಜ್ಜೆಯನ್ನೂ ಬರೆದು ಬಿಡಿಸಿ. ಸಿಇಟಿಗೆ ತಿಂಗಳುಗಟ್ಟಲೆ ನಾಲ್ಕು ಆಯ್ಕೆಗಳ ಪ್ರಶ್ನೆ ಮಾಡಿದವರ ಕೈಗೆ ಪೂರ್ತಿ ಲೆಕ್ಕ ಬರೆಯುವ ಅಭ್ಯಾಸ ತಪ್ಪಿಹೋಗಿರುತ್ತದೆ. ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನಲ್ಲಿ ಅಂಕ ಬರುವುದೇ ಹೆಜ್ಜೆಗಳಿಗೆ. ಹದಿನೈದರಲ್ಲಿ ಹತ್ತು ಹನ್ನೊಂದು ಸರಿ ಬಂದರೆ ನಿಮಗೆ ಬ್ರಿಜ್ ಕೋರ್ಸ್ (ಪಿಯು ಮತ್ತು ಎಂಜಿನಿಯರಿಂಗ್ ಪಾಠದ ನಡುವಿನ ಅಂತರ ತುಂಬುವ ಕೋರ್ಸ್) ಬೇಕಿಲ್ಲ, ಅಭ್ಯಾಸ ಸಾಕು. ಐದು ಆರಕ್ಕೆ ನಿಂತರೆ, ಅದರಲ್ಲೂ ಎಲ್ಲಿ ತಪ್ಪಿದೆ ಅನ್ನುವುದೂ ಗೊತ್ತಾಗದಿದ್ದರೆ, ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು. ಅವರು ನಿಮ್ಮ ಪಿಯು ಲೆಕ್ಚರರ್ ಆದರೂ ಆಗಬಹುದು.

ಆಮೇಲೆ ಎಂಜಿನಿಯರಿಂಗ್ ಡ್ರಾಯಿಂಗ್. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಡಿ. ಅದರ ಮೇಲೆ, ಹಿಂದಿನ ಅಂಚಿಗೆ ಸರಿಯಾಗಿ, ಒಂದು ಜಾಮಿಟ್ರಿ ಬಾಕ್ಸ್ ಇಡಿ. ಈಗ ಮುಂದಿನಿಂದ ನೋಡಿದರೆ ಹೇಗೆ ಕಾಣುತ್ತದೆ, ಮೇಲಿನಿಂದ ಹೇಗೆ, ಪಕ್ಕದಿಂದ ಹೇಗೆ ಎಂದು ಮೂರು ಚಿತ್ರ ಬರೆಯಿರಿ. ಪಕ್ಕದ ನೋಟದಲ್ಲಿ ಮೆಟ್ಟಿಲಿನ ಆಕಾರ ಬರಬೇಕು. ನಮ್ಮಲ್ಲಿ ಬಳಸುವ ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ಮುಂದಿನ ನೋಟ ಮೇಲೆ, ಮೇಲಿನ ನೋಟ ಅದರ ಕೆಳಗೆ. ಇದು ಮೊದಲ ಸಲಕ್ಕೇ ಬಂದರೆ ಡ್ರಾಯಿಂಗ್ ಬಗ್ಗೆ ಭಯ ಬೇಡ. ಬರದಿದ್ದರೆ ಮನೆಯಲ್ಲಿರುವ ಡಬ್ಬ, ಸೋಪು, ಇಟ್ಟಿಗೆ ಹೀಗೆ ದಿನಕ್ಕೊಂದು ವಸ್ತು ಇಟ್ಟುಕೊಂಡು ಬರೆಯಿರಿ. ಮೊದಲ ವರ್ಷದಲ್ಲಿ ಡ್ರಾಯಿಂಗ್‌ನಲ್ಲಿ ಎಡವುವವರು ಬಹುಪಾಲು ಎಡವುವುದು ಇಲ್ಲೇ, ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಕಡೆ. ಸಾಫ್ಟ್‌ವೇರ್‌ನ ಕಮಾಂಡ್‌ಗಳನ್ನು ಲ್ಯಾಬ್‌ನಲ್ಲಿ ಕೆಲವೇ ವಾರಗಳಲ್ಲಿ ಕಲಿಯಬಹುದು. ಹಾಗಾಗಿ ಬರೀ ಆಟೋಕ್ಯಾಡ್ ಕಮಾಂಡ್ ಹೇಳಿಕೊಡುವ ಕೋರ್ಸ್‌ನಿಂದ ಈ ಕೊರತೆ ನೀಗುವುದಿಲ್ಲ.

ಮೂರನೆಯದು ಪ್ರೋಗ್ರಾಮಿಂಗ್. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಬದಲು ಬಯಾಲಜಿ ತೆಗೆದುಕೊಂಡವರಿಗೆ ಈ ಭಯ ಜಾಸ್ತಿ. ಮೊದಲ ವರ್ಷದ ಪ್ರೋಗ್ರಾಮಿಂಗ್ ಪಾಠ ಶುರುವಾಗುವುದು ಏನೂ ಗೊತ್ತಿಲ್ಲದವರಿಗಾಗಿಯೇ. ಆದರೂ ಕೋಡ್ ಬರೆಯುವುದು ಅಂದರೆ ಏನು ಅನ್ನುವ ರುಚಿ ಮೊದಲೇ ಸಿಕ್ಕಿದ್ದರೆ ಒಳ್ಳೆಯದು. ಅದಕ್ಕೆ ಹತ್ತು ದಿನದ ಪ್ರಯೋಗವೊಂದನ್ನು ಐದನೇ ಹೆಜ್ಜೆಯಲ್ಲಿ ಕೊಟ್ಟಿದ್ದೇನೆ.

ಕೊನೆಯದು ಇಂಗ್ಲಿಷ್. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಎಷ್ಟೋ ಸಲ ನಿಜವಾದ ತೊಡಕು ಇದೇ. ಓದಿದರೆ ಅರ್ಥವಾಗುತ್ತದೆ. ಲೆಕ್ಚರರ್ ಬೋರ್ಡ್ ಕಡೆ ತಿರುಗಿ ವೇಗವಾಗಿ ಮಾತಾಡಿದರೆ ಅರ್ಧ ಕಳೆದುಹೋಗುತ್ತದೆ. ಇದಕ್ಕೆ ಎಂಜಿನಿಯರಿಂಗ್ ಕೋರ್ಸ್ ಬೇಡ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಉಚಿತವಾಗಿ ಸಿಗುತ್ತವೆ. ದಿನಕ್ಕೆ ಇಪ್ಪತ್ತು ನಿಮಿಷ ಒಂದು ಪಾಠ ಕೇಳಿ, ಬೇಕಿದ್ದರೆ ವೇಗ ಕಡಿಮೆ ಮಾಡಿ, ಕೇಳುತ್ತಲೇ ನೋಟ್ಸ್ ಬರೆಯಿರಿ. ಪಾಠ ಪೂರ್ತಿ ಅರ್ಥವಾಗಬೇಕಿಲ್ಲ, ಕಿವಿ ಪಳಗಬೇಕು.

ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಮೂಲಕ ನೇರ ಮೂರನೇ ಸೆಮಿಸ್ಟರ್‌ಗೆ ಸೇರುವವರ ಕಥೆ ಬೇರೆ. ಅವರು ಮೊದಲ ವರ್ಷದ ಗಣಿತ ಓದದೆಯೇ ಮುಂದಿನ ಗಣಿತಕ್ಕೆ ಕೂರುತ್ತಾರೆ. ಅವರಿಗೆ ಒಳ್ಳೆಯ ಗಣಿತದ ಕೋರ್ಸ್ ಸಿಕ್ಕರೆ ಅನುಮಾನವಿಲ್ಲದೆ ಸೇರಬಹುದು.

ಹೆಜ್ಜೆ 3: ಕಾಲೇಜು ಏನು ಕೊಡುತ್ತದೆ ಅಂತ ಕೇಳಿ

ಹೊಸಬರಿಗೆ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ನಡೆಸಬೇಕು ಅಂತ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಹೇಳಿದೆ. ಹಲವು ಕಾಲೇಜುಗಳು ಅದರ ಜೊತೆ ಗಣಿತ, ಇಂಗ್ಲಿಷ್, ಪ್ರೋಗ್ರಾಮಿಂಗ್‌ಗೆ ಬ್ರಿಜ್ ಕ್ಲಾಸ್ ಮಾಡುತ್ತವೆ. ಸೀಟು ಸಿಕ್ಕ ಮೇಲೆ ಕಾಲೇಜಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಬ್ರಿಜ್ ಕ್ಲಾಸ್ ಇದೆಯೇ? ಮೊದಲ ಸೆಮಿಸ್ಟರ್‌ಗೆ ನನಗೆ ಯಾವ ಸೈಕಲ್?

ಎರಡನೇ ಪ್ರಶ್ನೆ ಯಾಕೆ ಅಂದರೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಮೊದಲ ವರ್ಷದವರನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಮೊದಲ ಸೆಮಿಸ್ಟರ್‌ನಲ್ಲಿ ಬರುವ ಕೆಲವು ವಿಷಯ ಇನ್ನೊಂದು ಗುಂಪಿಗೆ ಎರಡನೆಯದರಲ್ಲಿ ಬರುತ್ತದೆ. ಮೇ ತಿಂಗಳಲ್ಲಿ ಡ್ರಾಯಿಂಗ್ ಕಲಿತು, ಕಾಲೇಜಿನಲ್ಲಿ ಅದು ಮುಂದಿನ ವರ್ಷ ಬಂದರೆ ಅಷ್ಟರಲ್ಲಿ ಕಲಿತದ್ದು ಮರೆತಿರುತ್ತದೆ. ಸ್ವಾಯತ್ತ ಕಾಲೇಜುಗಳ ಸಿಲಬಸ್ ಮತ್ತೆ ಬೇರೆ. ‘ವಿಟಿಯು ಫಸ್ಟ್ ಇಯರ್ ಪೂರ್ತಿ ಕವರ್ ಮಾಡುತ್ತೇವೆ’ ಅನ್ನುವ ಕೋರ್ಸ್ ಅಲ್ಲಿಗೆ ಹೋಗುವವರಿಗೆ ಅಷ್ಟಾಗಿ ಹೊಂದುವುದಿಲ್ಲ.

ಹೆಜ್ಜೆ 4: ಕೋರ್ಸ್ ಯಾವ ಬಗೆಯದು?

ಕೈಯಿಂದ ಮಾಡಿಸುವ ಕೋರ್ಸ್‌ಗಳ ಬಗ್ಗೆ ನನಗೆ ಒಲವು ಜಾಸ್ತಿ. ಬೆಸುಗೆ ಹಾಕುವುದು, ಮಲ್ಟಿಮೀಟರ್ ಹಿಡಿಯುವುದು, ಲೇತ್ ಮುಂದೆ ನಿಲ್ಲುವುದು, ಇವನ್ನು ವಿಡಿಯೊ ನೋಡಿ ಕಲಿಯಲು ಆಗುವುದಿಲ್ಲ. ಮೆಕ್ಯಾನಿಕಲ್ ಕಡೆ ಹೋಗುವುದು ಖಚಿತವಾಗಿರುವವರು ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಡೆ ಒಮ್ಮೆ ವಿಚಾರಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಇದು. ಈಗ ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳಿವೆ, ಅಲ್ಪಾವಧಿ ಕೋರ್ಸ್‌ಗಳೂ ನಡೆಯುತ್ತವೆ. ನಿಮ್ಮ ಹತ್ತಿರದ ಕೇಂದ್ರದಲ್ಲಿ ಈ ಬೇಸಿಗೆಗೆ ಏನಿದೆ ಅಂತ ನೇರವಾಗಿ ಹೋಗಿ ಕೇಳಿ.

ಕೋಡಿಂಗ್ ಸೆಂಟರ್‌ಗಳು ರಾಜಾಜಿನಗರದಿಂದ ಮಾರತ್‌ಹಳ್ಳಿಯವರೆಗೆ ಬೇಕಾದಷ್ಟಿವೆ. ಅವುಗಳಲ್ಲಿ ಎಷ್ಟೋ ಕೋರ್ಸ್‌ಗಳು ಪದವಿ ಮುಗಿಸಿ ಕೆಲಸ ಹುಡುಕುವವರಿಗಾಗಿ ಮಾಡಿದಂಥವು. ಅದೇ ಪಾಠವನ್ನು ಪಿಯು ಮುಗಿಸಿದ ಹುಡುಗಿಗೆ ಕೊಟ್ಟರೆ ಅವಳು ಬೋರ್ಡ್ ಮೇಲಿನದನ್ನು ಕಾಪಿ ಮಾಡುತ್ತಾ ಕೂರಬೇಕಾಗುತ್ತದೆ. ಕ್ಯಾಂಪಸ್ ಸೆಲೆಕ್ಷನ್ ಇನ್ನೂ ಮೂರು ವರ್ಷ ದೂರ ಇದೆ. ಪ್ಲೇಸ್‌ಮೆಂಟ್‌ಗೆ ಸಹಾಯ ಆಗುತ್ತದೆ ಎಂಬ ಮಾತಿಗೆ ಈಗ ಬೆಲೆ ಕೊಡಬೇಡಿ.

ದೊಡ್ಡ ಸಂಸ್ಥೆಯ ಹೆಸರು ಇರುವ ಎರಡು ದಿನದ ವರ್ಕ್‌ಶಾಪ್ ಆದರೆ, ನಡೆಸುವವರು ಆ ಸಂಸ್ಥೆಯವರೇ ಅಥವಾ ಬೇರೆ ಕಂಪನಿಯೇ ಅಂತ ನೋಡಿ. ಸಂಸ್ಥೆಯ ಸ್ವಂತ ವೆಬ್‌ಸೈಟ್‌ನಲ್ಲಿ ಆ ಕಾರ್ಯಕ್ರಮದ ಹೆಸರು ಇರಬೇಕು.

ಹೆಜ್ಜೆ 5: ಸೇರುವ ಮೊದಲು ಹತ್ತು ದಿನ ಮನೆಯಲ್ಲೇ ಪ್ರಯತ್ನಿಸಿ

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಚಿಕ್ಕ ಚಿಕ್ಕ ವಿಡಿಯೊ ಪಾಠಗಳಿವೆ. ಉಚಿತ. ಹಲವು ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ದಿನಕ್ಕೆ ಒಂದು ಗಂಟೆ, ಹತ್ತು ದಿನ, ಸಿ ಅಥವಾ ಪೈಥಾನ್ ಯಾವುದಾದರೂ ಒಂದು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಅದಕ್ಕಾಗಿ ಈಗಲೇ ಕೊಳ್ಳಬೇಡಿ. ಸಣ್ಣ ಪ್ರೋಗ್ರಾಮ್‌ಗಳನ್ನು ಫೋನ್‌ನಲ್ಲೇ ಆನ್‌ಲೈನ್ ಕಂಪೈಲರ್ ತೆರೆದು ಓಡಿಸಬಹುದು. ಹಲವು ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲೂ (ಗ್ರಂಥಾಲಯಗಳಲ್ಲೂ) ಕಂಪ್ಯೂಟರ್ ಇದೆ.

ಸಿ ಭಾಷೆ ಆರಿಸಿಕೊಂಡರೆ ಒಂದು ಸಣ್ಣ ಕೆಲಸ ಮಾಡಿ ನೋಡಿ. ಮೂರು ವಿಷಯದ ಅಂಕ ತೆಗೆದುಕೊಂಡು ಸರಾಸರಿ ತೋರಿಸುವ ಪ್ರೋಗ್ರಾಮ್ ಬರೆಯಿರಿ. ಅಂಕಗಳು 35, 36, 38 ಅಂತ ಇಟ್ಟುಕೊಳ್ಳಿ. ಒಟ್ಟು 109. ಮೂರರಿಂದ ಭಾಗಿಸಿದರೆ 36.33 ಬರಬೇಕು. ಆದರೆ ಎಲ್ಲವನ್ನೂ ಪೂರ್ಣಾಂಕ ಅಂತ ಘೋಷಿಸಿ 3ರಿಂದ ಭಾಗಿಸಿದ್ದರೆ ಉತ್ತರ ಬರೀ 36. ಎರಡು ಪೂರ್ಣಾಂಕಗಳನ್ನು ಭಾಗಿಸಿದಾಗ ಸಿ ಭಾಷೆ ದಶಮಾಂಶದ ಭಾಗವನ್ನು ಬಿಟ್ಟುಬಿಡುತ್ತದೆ. 3ರ ಬದಲು 3.0 ಅಂತ ಬರೆದು, ಉತ್ತರವನ್ನು ದಶಮಾಂಶ ಸಂಖ್ಯೆಯಾಗಿಯೇ ಇಟ್ಟುಕೊಂಡು ತೋರಿಸಿದರೆ ಸರಿಹೋಗುತ್ತದೆ.

ಈಗ ನಿಮ್ಮನ್ನೇ ಗಮನಿಸಿ. ‘36 ಯಾಕೆ ಬಂತು’ ಅಂತ ಕುತೂಹಲ ಹುಟ್ಟಿ ಅರ್ಧ ಗಂಟೆ ಹುಡುಕಾಡಿದಿರಾ? ಹಾಗಿದ್ದರೆ ನೀವು ಒಬ್ಬರೇ ಕಲಿಯಬಲ್ಲವರು, ದುಡ್ಡು ಉಳಿಸಿ. ಆಸಕ್ತಿ ಇದೆ, ಆದರೆ ಸಿಕ್ಕಿಹಾಕಿಕೊಂಡಾಗ ಕೇಳಲು ಯಾರೂ ಇಲ್ಲ ಅನಿಸಿತಾ? ಹಾಗಿದ್ದರೆ ಶಿಕ್ಷಕರು ಜೊತೆಗಿರುವ ಕೋರ್ಸ್ ನಿಮಗೆ ಉಪಯೋಗ. ಮೂರನೇ ದಿನಕ್ಕೇ ಬೇಜಾರಾಗಿ ಬಿಟ್ಟಿರಾ? ಅದನ್ನು ಅಪ್ಪ ಅಮ್ಮನ ಹತ್ತಿರ ಮುಚ್ಚಿಡಬೇಡಿ. ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಕೆಇಎಗೆ ಆದ್ಯತೆಯ ಕ್ರಮದಲ್ಲಿ ತಿಳಿಸುವಾಗ) ಕಂಪ್ಯೂಟರ್ ಸೈನ್ಸ್‌ನ್ನೇ ಸಾಲಾಗಿ ತುಂಬುವ ಮೊದಲು ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ ಅದು.

ಹೆಜ್ಜೆ 6: ಡೆಮೊ ಕ್ಲಾಸ್‌ನಲ್ಲಿ ಏನು ನೋಡಬೇಕು

ಹೊಸಬರಿಗಾಗಿ ಸಿದ್ಧ ಮಾಡಿದ ಡೆಮೊ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಈಗ ನಡೆಯುತ್ತಿರುವ ಬ್ಯಾಚ್‌ನಲ್ಲಿ ಹಿಂದೆ ಕೂರಲು ಬಿಡಿ ಅಂತ ಕೇಳಿ. ಬಿಡದಿದ್ದರೆ ಅದೂ ಒಂದು ಉತ್ತರವೇ.

ಅಲ್ಲಿ ಬೋರ್ಡ್ ನೋಡಬೇಡಿ, ಹುಡುಗರನ್ನು ನೋಡಿ. ಅವರು ಸ್ವಂತವಾಗಿ ಟೈಪ್ ಮಾಡುತ್ತಿದ್ದಾರಾ, ಸ್ಕ್ರೀನ್ ನೋಡಿ ಬರೆದುಕೊಳ್ಳುತ್ತಿದ್ದಾರಾ? ತಪ್ಪು ಬಂದಾಗ ಶಿಕ್ಷಕರು ಕೀಬೋರ್ಡ್ ಎಳೆದುಕೊಂಡು ಸರಿ ಮಾಡುತ್ತಾರಾ, ‘ಎಲ್ಲಿ ತಪ್ಪಿದೆ, ನೀನೇ ಹುಡುಕು’ ಅಂತ ಕಾಯುತ್ತಾರಾ? ಆ 109ರ ಲೆಕ್ಕವನ್ನೇ ಶಿಕ್ಷಕರ ಮುಂದೆ ಇಡಿ. ಉತ್ತರ ಹೇಳುವ ಮೊದಲು ನಿಮ್ಮನ್ನು ಒಂದು ಪ್ರಶ್ನೆ ಕೇಳಿದರೆ ಅವರು ಕಲಿಸುವವರು.

ಜೊತೆಗೆ ಮೂರು ಮಾತು ಖಚಿತ ಮಾಡಿಕೊಳ್ಳಿ: ಡೆಮೊ ಕೊಟ್ಟವರೇ ಪೂರ್ತಿ ಕೋರ್ಸ್ ಮಾಡುತ್ತಾರಾ, ಬ್ಯಾಚ್‌ನಲ್ಲಿ ಎಷ್ಟು ಜನ, ಕಂಪ್ಯೂಟರ್ ಅಥವಾ ಕಿಟ್ ಒಬ್ಬರಿಗೆ ಒಂದಾ. ಕಳೆದ ವರ್ಷ ಕೋರ್ಸ್ ಮುಗಿಸಿದ ಇಬ್ಬರ ಹತ್ತಿರ ಮಾತಾಡಿ. ಅವರ ಹತ್ತಿರ ‘ಚೆನ್ನಾಗಿತ್ತಾ’ ಅಂತ ಕೇಳಬೇಡಿ. ‘ಮೊದಲ ಸೆಮಿಸ್ಟರ್‌ನಲ್ಲಿ ಯಾವುದಕ್ಕೆ ಉಪಯೋಗ ಆಯಿತು’ ಅಂತ ಕೇಳಿ.

ಹೆಜ್ಜೆ 7: ದುಡ್ಡಿನ ಲೆಕ್ಕ

ಹೇಳುವ ಫೀಸೇ ಪೂರ್ತಿ ಖರ್ಚಲ್ಲ. ಖಾಸಗಿ ಕೋಚಿಂಗ್ ಮೇಲೆ ಶೇ 18 ಜಿಎಸ್‌ಟಿ ಇದೆ. 25,000 ರೂಪಾಯಿ ಫೀಸ್ ಅಂದರೆ ತೆರಿಗೆ ಸೇರಿ 29,500. ಬೇರೆ ಊರಿಂದ ಬರುವವರಿಗೆ ಪಿಜಿ ಬಾಡಿಗೆ, ಅಡ್ವಾನ್ಸ್, ಊಟ, ಬಸ್ಸು. ಎರಡು ತಿಂಗಳಿಗೆ ಇದೆಲ್ಲ ಸೇರಿದರೆ ಫೀಸಿನಷ್ಟೇ ಮತ್ತೆ ಆಗಬಹುದು. ಅದೇ ದುಡ್ಡು ಕಾಲೇಜು ಸೇರುವಾಗ ಲ್ಯಾಪ್‌ಟಾಪ್‌ಗೆ, ಹಾಸ್ಟೆಲ್‌ಗೆ ಬೇಕಾಗುತ್ತದಾ ಅಂತ ಮೊದಲು ನೋಡಿ. ಸಾಲ ಮಾಡಿ ಬೇಸಿಗೆ ಕೋರ್ಸ್ ಸೇರುವುದು ನನಗೆ ಸರಿ ಕಾಣುವುದಿಲ್ಲ, ಯಾರಿಗೂ ಹಾಗೆ ಹೇಳುವುದಿಲ್ಲ.

‘ಸುಲಭ ಕಂತು’ ಅಂತ ಹೇಳಿ ಕೌಂಟರ್‌ನಲ್ಲೇ ಆಧಾರ್, ಪ್ಯಾನ್, ಒಟಿಪಿ ಕೇಳಿದರೆ ಎಚ್ಚರ. ಎಷ್ಟೋ ಸಲ ಅದು ಬೇರೊಂದು ಹಣಕಾಸು ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ತೆಗೆಯುವ ಸಾಲ. ಕೋರ್ಸ್ ಬಿಟ್ಟರೂ ಸಾಲದ ಕಂತು ತಾನಾಗಿ ನಿಲ್ಲುವುದಿಲ್ಲ. ‘ಇವತ್ತು ಕಟ್ಟಿದರೆ ಮಾತ್ರ ರಿಯಾಯಿತಿ’ ಅಂದರೂ ಮನೆಗೆ ಬಂದು, ಒಂದು ರಾತ್ರಿ ಯೋಚಿಸಿ.

ಕೋಚಿಂಗ್ ಸೆಂಟರ್‌ಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಪೂರ್ತಿ ಫೀಸ್ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ, ಉಳಿದ ಅವಧಿಯ ಹಣವನ್ನು ಲೆಕ್ಕ ಹಾಕಿ 10 ದಿನದೊಳಗೆ ವಾಪಸ್ ಕೊಡಬೇಕು ಎನ್ನುತ್ತದೆ ಅದು. ನೀವು ಸೇರುವ ಕೋರ್ಸ್ ಅದರ ವ್ಯಾಪ್ತಿಗೆ ಬರಲಿ ಬಿಡಲಿ, ಇದೇ ಷರತ್ತನ್ನು ರಸೀದಿಯ ಮೇಲೆ ಅಥವಾ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕೆಲಸ ಖಾತ್ರಿ ಎನ್ನುವಂಥ ಸುಳ್ಳು ಭರವಸೆಯ ಜಾಹೀರಾತುಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕಡಿವಾಣ ಹಾಕಿದೆ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಹೆಜ್ಜೆ 8: ಈಗ ಆ ಒಂದು ವಾಕ್ಯ ಬರೆಯಿರಿ

‘ನನಗೆ ಇಂಟಿಗ್ರೇಷನ್ ಬರುವುದಿಲ್ಲ, ಈ ಮೂರು ವಾರದಲ್ಲಿ ದಿನಕ್ಕೆ ಹತ್ತು ಲೆಕ್ಕ ಮಾಡಿಸಿ ತಿದ್ದುತ್ತಾರೆ.’ ಇದು ಸೇರಲು ಒಳ್ಳೆಯ ಕಾರಣ. ‘ನನಗೆ ಎಲೆಕ್ಟ್ರಾನಿಕ್ಸ್ ಇಷ್ಟವೋ ಇಲ್ಲವೋ ಗೊತ್ತಿಲ್ಲ, ಹತ್ತು ದಿನ ಕೈಯಾರೆ ಸರ್ಕ್ಯೂಟ್ ಮಾಡಿ ನೋಡುತ್ತೇನೆ.’ ಇದೂ ಒಳ್ಳೆಯದೇ, ಅದರಲ್ಲೂ ಆಪ್ಷನ್ ಎಂಟ್ರಿಗೆ ಮೊದಲು ಮುಗಿಯುವಂತಿದ್ದರೆ. ‘ಎಲ್ಲರೂ ಸೇರುತ್ತಿದ್ದಾರೆ’, ‘ಮನೆಯಲ್ಲಿ ಸುಮ್ನೆ ಕೂತಿದ್ದಾನೆ’, ‘ಸರ್ಟಿಫಿಕೇಟ್ ಸಿಗುತ್ತದೆ’ ಇಂಥ ಕಾರಣಕ್ಕೆ ಸಾವಿರಾರು ರೂಪಾಯಿ ಕೊಡಬೇಡಿ.

ಮನೆಯಲ್ಲಿ ಸುಮ್ನೆ ಕೂತಿದ್ದಾನೆ ಅನ್ನುವ ಬಗ್ಗೆ ಹೆತ್ತವರಿಗೆ ಒಂದು ಮಾತು. ಎರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಟ್ಯೂಷನ್, ಕಾಲೇಜು, ಮತ್ತೆ ಟ್ಯೂಷನ್ ಅಂತ ಓಡಿದ ಮಕ್ಕಳಿವರು. ಕೆಲವು ವಾರ ನಿದ್ದೆ ಮಾಡಲಿ, ಅಜ್ಜಿ ಮನೆಗೆ ಹೋಗಿ ಬರಲಿ, ಈಜು ಕಲಿಯಲಿ. ಸುಸ್ತಾಗಿಯೇ ಮೊದಲ ಸೆಮಿಸ್ಟರ್‌ಗೆ ಬಂದು ಕೂರುವ ಮಕ್ಕಳನ್ನು ನಾವು ಕ್ಲಾಸಿನಲ್ಲಿ ನೋಡುತ್ತೇವೆ. ಅವರಿಗೆ ಪಾಠಕ್ಕಿಂತ ಮೊದಲು ವಿಶ್ರಾಂತಿ ಬೇಕಿತ್ತು ಅನಿಸುತ್ತದೆ.

ಹೆಜ್ಜೆ 9: ಸೇರಿದ್ದೇ ಆದರೆ

ಮೊದಲ ವಾರದ ಕೊನೆಗೆ ಆ ವಾಕ್ಯವನ್ನು ಮತ್ತೆ ತೆಗೆದು ನೋಡಿ. ಅದರಲ್ಲಿ ಬರೆದದ್ದು ನಡೆಯುತ್ತಿದೆಯಾ? ಇಲ್ಲವಾದರೆ ಶಿಕ್ಷಕರ ಹತ್ತಿರ ನೇರವಾಗಿ ಹೇಳಿ. ಎರಡನೇ ವಾರವೂ ಹಾಗೇ ಇದ್ದರೆ ಬಿಟ್ಟುಬಿಡಿ, ಉಳಿದ ಹಣವನ್ನು ಇಮೇಲ್ ಮೂಲಕ ಕೇಳಿ. ಕಟ್ಟಿದ ದುಡ್ಡಿಗಾಗಿ ಉಳಿದ ಒಂದೂವರೆ ತಿಂಗಳನ್ನೂ ಕಳೆದುಕೊಳ್ಳಬೇಡಿ.

ದಿನ ಕ್ಲಾಸ್ ಮುಗಿದ ಮೇಲೆ ಅಲ್ಲಿ ಮಾಡಿದ್ದರಲ್ಲಿ ಒಂದನ್ನು ಪುಸ್ತಕ ಮುಚ್ಚಿ ಮತ್ತೆ ಮಾಡಿ. ಅದು ಬಂದರೆ ಮಾತ್ರ ಕಲಿತ ಹಾಗೆ.

ಕೆಇಎ ವೇಳಾಪಟ್ಟಿಯ ಮೇಲೆ ಸದಾ ಒಂದು ಕಣ್ಣಿರಲಿ. ಆಪ್ಷನ್ ಎಂಟ್ರಿ, ಅಣಕು ಹಂಚಿಕೆಯ ಫಲಿತಾಂಶ, ಸಿಕ್ಕ ಸೀಟು ಬೇಕೋ ಮುಂದಿನ ಸುತ್ತಿಗೆ ಹೋಗಬೇಕೋ ಅಂತ ಚಾಯ್ಸ್ ದಾಖಲಿಸುವ ದಿನ, ಫೀಸ್ ಕಟ್ಟುವ ಕೊನೆಯ ದಿನ ಇವು ಕ್ಲಾಸ್ ಇದ್ದ ದಿನವೇ ಬಂದರೆ ಕ್ಲಾಸ್ ಬಿಡಿ. ಕಾಲೇಜಿಗೆ ವರದಿ ಮಾಡಿಕೊಳ್ಳುವ ಹಿಂದಿನ ವಾರ ಊರಿನಲ್ಲೇ ಇರುವ ಹಾಗೆ ನೋಡಿಕೊಳ್ಳಿ. ಪಿಯು ಕಾಲೇಜಿನಿಂದ ಟಿಸಿ, ಮೂಲ ಅಂಕಪಟ್ಟಿಗಳು, ಪ್ರತಿಯೊಂದರ ಮೂರು ನಾಲ್ಕು ಜೆರಾಕ್ಸ್, ಫೋಟೊ, ಎಲ್ಲವೂ ಒಂದೇ ಫೈಲ್‌ನಲ್ಲಿ ಸಿದ್ಧವಾಗಿರಲಿ.